ಭಾನುವಾರ ಚೈನ್‌ಸಾ ಹರಿತ ಮಾಡೋಣ

ಎಲ್ಲರಿಗೂ ನಮಸ್ಕಾರ. ಮರಗಸಿ (ತೋಟದ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ) ಶುರುವಾಗುವ ಮೊದಲು, ಈ ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಕಾಫಿ ಕಣದಲ್ಲಿ ಸೇರೋಣ. ಚೈನ್‌ಸಾ ಇರುವವರೆಲ್ಲ ಬನ್ನಿ, ಮೆಷಿನ್ ಹಿಡಿಯುವ ಕೆಲಸದವರನ್ನೂ ಕರೆತನ್ನಿ.

ಬಾರ್ (ಚೈನ್ ಓಡುವ ಪಟ್ಟಿ) ಮೇಲೆ ಪಿಚ್, ಅಂದರೆ ಚೈನ್ ಕೊಂಡಿಗಳ ಅಂತರದ ಅಳತೆ, ಇಂಚಿನಲ್ಲಿ ಬರೆದಿರುತ್ತದೆ, ಅದನ್ನು ನೋಡಿ ಗುಂಡು ಅರ ತನ್ನಿ. .325 ಚೈನಿಗೆ 4.8 ಮಿ.ಮೀ., ಸಣ್ಣ ಮೆಷಿನ್‌ಗಳ 3/8 ಲೋ ಪ್ರೊಫೈಲ್‌ಗೆ 4 ಮಿ.ಮೀ. ಅಳತೆ ತಪ್ಪಿದರೆ ಹಲ್ಲೇ ಹಾಳು.

ಫುಲ್ ಚಿಸೆಲ್, ಸೆಮಿ ಚಿಸೆಲ್ ಎರಡೂ ಬಗೆಯ ಹಲ್ಲಿನ ಚೈನ್‌ಗಳನ್ನು ಒಂದೇ ದಿಮ್ಮಿಯ ಮೇಲೆ ಓಡಿಸಿ ನೋಡೋಣ. ಫುಲ್ ಚಿಸೆಲ್ ಬೇಗ ಕೊಯ್ಯುತ್ತದೆ ನಿಜ, ಆದರೆ ಮಣ್ಣು ಮೆತ್ತಿದ ಬುಡಕ್ಕೆ ತಾಗಿದರೆ ಅದರ ಚೂಪು ಮೂಲೆ ಬೇಗ ಹೋಗುತ್ತದೆ, ನನ್ನ ಕೇಳಿದರೆ ನಮ್ಮ ತೋಟಗಳಿಗೆ ದುಂಡು ಮೂಲೆಯ ಸೆಮಿ ಚಿಸೆಲ್ಲೇ ವಾಸಿ.

ಬರುವ ಮುಂಚೆ ಚೈನ್ ಬ್ರಷ್ ಮಾಡಿ, ಕೈಗವಸು ಮರೆಯಬೇಡಿ. ಅರ ಮುಂದಕ್ಕೆ ಮಾತ್ರ ತಳ್ಳಬೇಕು, ಕೋನ ಸಾಮಾನ್ಯವಾಗಿ 30 ಡಿಗ್ರಿ, ಹಲ್ಲುಗಳೆಲ್ಲ ಒಂದೇ ಉದ್ದ ಇರಬೇಕು, ಇಲ್ಲದಿದ್ದರೆ ಮೆಷಿನ್ ಒಂದು ಕಡೆಗೆ ಎಳೆಯುತ್ತದೆ. ರೇಕರ್‌ಗೆ (ಹಲ್ಲಿನ ಮುಂದೆ ಇರುವ, ಕೊಯ್ತದ ಆಳ ಹಿಡಿದಿಡುವ ಉಬ್ಬು) ಅಳತೆಯ ಗೇಜ್ ಬೇಕೇ ಬೇಕು. ಸುಮ್ನೆ ಕಣ್ಣಳತೆಯಲ್ಲಿ ಜಾಸ್ತಿ ಉಜ್ಜಿದರೆ ಮೆಷಿನ್ ನಮ್ಮ ಕಡೆಗೇ ಒದೆಯುತ್ತದೆ, ಅಪಾಯ ಅಲ್ವಾ?

ಬರುವವರು ಶುಕ್ರವಾರದೊಳಗೆ ಹೆಸರು, ಪಿಚ್ ಎರಡನ್ನೂ ಇಲ್ಲಿ ಹಾಕಿ. ಅರ ಇಲ್ಲದವರಿಗೆ ಪೇಟೆಯಿಂದ ತರಿಸುತ್ತೇನೆ, ದುಡ್ಡು ಆಮೇಲೆ ಕೊಡಿ.