ಅಪ್ಪನ ಜೇನುಪೆಟ್ಟಿಗೆ ವಿಚಾರ

ಅಮ್ಮಾ,

ನಾನು ಕ್ಷೇಮ. ನಿನ್ನ ಕಾಗದ ಓದಿದಾಗಿನಿಂದ ಅಪ್ಪನದೇ ಯೋಚನೆ. ಸಾಲ ಮಾಡಿ ತಂದ ಪೆಟ್ಟಿಗೆಗಳ ಮುಂದೆ ರೆಕ್ಕೆ ಮುರುಟಿದ ನೊಣಗಳು ಬಿದ್ದಿರುತ್ತವೆ, ಅಪ್ಪ ರಾತ್ರಿಯೆಲ್ಲ ಅಲ್ಲೇ ಕೂತಿರುತ್ತಾರೆ ಅಂತ ಬರೆದಿದ್ದೀಯ. ಬಿಪಿ ಮಾತ್ರೆ ತಗೋತಿದ್ದಾರೆ ತಾನೇ? ಮೊದಲು ಅದು ನೋಡು, ಜೇನು ಆಮೇಲೆ.

ರೆಕ್ಕೆ ಹಾಗಾಗುವುದು ವರೋವಾ ಅಂತ ಜೇನಿನ ಮೈಗೆ ಅಂಟಿಕೊಳ್ಳುವ ನುಸಿ ಹರಡುವ ವೈರಸ್ಸಿನಿಂದ. ಇಲ್ಲಿ ಜರ್ಮನಿಯಲ್ಲೂ ಜೇನು ಸಾಕುವವರಿಗೆಲ್ಲ ಇದೇ ತಲೆನೋವು. ಅಪ್ಪನ ಕೈಗುಣ ಸರಿಯಿಲ್ಲ ಅಂತ ಯಾರೇ ಅಂದರೂ ಕಿವಿಗೆ ಹಾಕ್ಕೋಬೇಡ.

ಈ ನುಸಿಗೆ ಕಣ್ಣೇ ಇಲ್ಲ, ಗೊತ್ತಾ? ಲೆನ್ಸ್ ಇಟ್ಟು ನೋಡಿದೆ. ಎಂಟು ಕಾಲಲ್ಲಿ ಮುಂದಿನ ಎರಡನ್ನು ಮೇಲೆತ್ತಿಕೊಂಡು, ಕತ್ತಲಲ್ಲಿ ಗೋಡೆ ತಡವುವವರ ಹಾಗೆ ಆಡಿಸುತ್ತಾ ನಡೆಯುತ್ತದೆ. ವಾಸನೆ ಹಿಡಿಯುವ ಅಂಗ ಇರುವುದು ಆ ಕಾಲಿನ ತುದಿಯಲ್ಲಿ. ಜೇನಿನ ಮರಿಹುಳು ಬಲಿತಾಗ ಅದರ ಮೈಯಿಂದ ಒಂದು ವಾಸನೆ ಹೊರಡುತ್ತದೆ. ಕೋಣೆಗೆ ಮೇಣದ ಮುಚ್ಚಳ ಹಾಕಿ ಅಂತ ಕೆಲಸಗಾರ ನೊಣಗಳಿಗೆ ಅದು ಸೂಚನೆ. ಮೀಥೈಲ್ ಪಾಮಿಟೇಟ್ ಅಂತ ಅದರಲ್ಲೊಂದು ಅಂಶ. ನುಸಿಯನ್ನೂ ಅದೇ ಸೆಳೆಯುತ್ತದೆ ಅಂತ 1989ರಲ್ಲೇ ಫ್ರಾನ್ಸಿನ ವಿಜ್ಞಾನಿಗಳು ತೋರಿಸಿದ್ದಾರೆ. ಮುಚ್ಚಳ ಬೀಳುವ ಮೊದಲೇ ಒಳಗೆ ನುಗ್ಗಿ, ಮರಿಯ ಆಹಾರದ ಅಡಿಯಲ್ಲಿ ಅಡಗುತ್ತದೆ. ಆಮೇಲೆ ಮರಿಯ ಮೈ ಹೀರುತ್ತದೆ, ಅಲ್ಲೇ ಮೊಟ್ಟೆ ಇಡುತ್ತದೆ. ಎಂಥ ಪಾಪದ ಮರಿ, ಅಲ್ವಾ!

ಗಂಡು ಮರಿಗಳಲ್ಲಿ ಈ ವಾಸನೆ ಜಾಸ್ತಿ, ಹೆಚ್ಚು ಹೊತ್ತೂ ಇರುತ್ತದೆ. ಅದಕ್ಕೇ ನುಸಿಗಳು ಅಲ್ಲಿಗೇ ಮುಗಿಬೀಳುತ್ತವೆ. ಇಲ್ಲಿನವರು ಗೂಡಿನಲ್ಲಿ ಒಂದು ಖಾಲಿ ಚೌಕಟ್ಟು ಇಟ್ಟು ಗಂಡು ಮರಿಗಳ ಎರಿ ಕಟ್ಟಿಸುತ್ತಾರೆ. ಮುಚ್ಚಳ ಬಿದ್ದ ಮೇಲೆ ನುಸಿ ಸಮೇತ ಕತ್ತರಿಸಿ ಫ್ರೀಜರಿಗೆ ಹಾಕುತ್ತಾರೆ. ಅಪ್ಪನಿಗೂ ಇದನ್ನೇ ಹೇಳು. ಆದರೆ ಗಂಡು ನೊಣ ಹೊರಗೆ ಬರುವ ಮೊದಲೇ ತೆಗೆಯಬೇಕು. ರಾಣಿ ಮೊಟ್ಟೆ ಇಟ್ಟ ದಿನದಿಂದ ಸುಮಾರು 24 ದಿನಕ್ಕೆ ಅದು ಹೊರಬರುತ್ತದೆ. ತಡವಾದರೆ ನಾವೇ ನುಸಿ ಸಾಕಿದಂತಾಗುತ್ತದೆ. ಸುಮ್ನೆ ಯಾರೋ ಹೇಳಿದ ಕೀಟನಾಶಕ ಮಾತ್ರ ಪೆಟ್ಟಿಗೆಗೆ ಹೊಡೆಯಬಾರದು, ಜೇನೂ ಸಾಯುತ್ತದೆ.

ಇಲ್ಲಿ ಇನ್ನೊಂದು ನೋಡಿದೆ. ನೊಣಗಳನ್ನು ಜಾಲರಿ ಡಬ್ಬಿಗೆ ಹಾಕಿ, ಸಕ್ಕರೆ ಪುಡಿಯಲ್ಲಿ ಹೊರಳಿಸಿ, ಕುಲುಕಿ, ಉದುರಿದ ನುಸಿ ಎಣಿಸುತ್ತಾರೆ. ಬೆಳ್ಳಗಾದ ನೊಣಗಳು ಗೂಡಿಗೆ ಹೋದರೆ ಉಳಿದವು ನೆಕ್ಕಿ ಶುಚಿ ಮಾಡುತ್ತವೆ. ತುಂಬಾ ಜಾಣತನದ ಕೆಲಸ. ಅಪ್ಪನೂ ಮಾಡಿ ನೋಡಲಿ, ಎಷ್ಟಿದೆ ಅಂತ ಗೊತ್ತಾಗುತ್ತದೆ.

ಸಾಲದ ಕಂತು ನಾನು ಕಟ್ಟುತ್ತೇನೆ, ಅದರ ಚಿಂತೆ ಬೇಡವೇ ಬೇಡ. ನನಗಿಲ್ಲಿ ಏನೂ ಕಷ್ಟವಿಲ್ಲ. ಆರೋಗ್ಯ ಚೆನ್ನಾಗಿದೆ, ಕೆಲಸ ಚೆನ್ನಾಗಿದೆ, ಚಳಿಯೂ ಅಭ್ಯಾಸವಾಗಿದೆ. ಅಪ್ಪನನ್ನು ರಾತ್ರಿ ಒಳಗೆ ಮಲಗಿಸು, ನನ್ನಾಣೆ.

ಟ್ರೈನಿಗೆ ಹೊತ್ತಾಯ್ತು. ಎಲ್ಲರಿಗೂ ನಮಸ್ಕಾರ. ಬಿಪಿ ಎಷ್ಟಿದೆ ಅಂತ ತಕ್ಷಣ ಬರೆ.

ನಿನ್ನ ಮಗಳು