ಗಂಟಲು ಕೈಕೊಟ್ಟಾಗ ಮೈಕ್ ಹಿಡಿದವರಿಗೆ

ಕಳೆದ ಶನಿವಾರ ನಮ್ಮ ಇಂಟರ್ನೆಟ್ ರೇಡಿಯೋದ ರಾಕ್ ಮತ್ತು ಬ್ಲೂಸ್ (ಅಮೆರಿಕದ ಕಪ್ಪುಜನರ ನಡುವೆ ಹುಟ್ಟಿದ ಸಂಗೀತ) ಕಾರ್ಯಕ್ರಮಕ್ಕೆ ಹತ್ತು ವರ್ಷ ತುಂಬಿತು. ಶುಭಾಶಯ ಕಳಿಸಿದವರೆಲ್ಲ "ಹತ್ತು ವರ್ಷ ನಡೆಸಿದ್ದೀರಲ್ಲ, ಭೇಷ್" ಅಂತ ನನ್ನ ಹೆಸರಿಗೇ ಬರೆದಿದ್ದೀರಿ. ಅದು ಪೂರ್ತಿ ಸರಿಯಲ್ಲ. ಈ ವರ್ಷದ ದೊಡ್ಡ ಪಾಲು ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಕಾರ್ಯಕ್ರಮ ಮಾತ್ರ ಒಂದು ವಾರವೂ ತಪ್ಪಲಿಲ್ಲ. ಅದನ್ನು ಯಾರು ನಡೆಸಿದರು, ಹೇಗೆ ನಡೆಸಿದರು ಅಂತ ಹೇಳಿ ಕೈಮುಗಿಯೋಣ ಅಂತಲೇ ಈ ಬರಹ.

ವರ್ಷದ ಶುರುವಿನಲ್ಲೇ ನನ್ನ ದನಿ ಒಡೆಯುತ್ತಿತ್ತು. ಶೀತ ಇರಬೇಕು ಅಂದುಕೊಂಡು ಬಿಸಿನೀರು ಕುಡಿದೆ. ಕಡಿಮೆ ಆಗಲಿಲ್ಲ. ಗಂಟಲಿಗೆ ಪುಟ್ಟ ಕ್ಯಾಮೆರಾ ಇಳಿಸಿ ನೋಡಿದ ಡಾಕ್ಟರು, ಧ್ವನಿತಂತುವಿನ ಮೇಲೆ ಕೂತಿದ್ದ ಒಂದು ಸಣ್ಣ ಗಂಟನ್ನು ಪರದೆಯಲ್ಲಿ ತೋರಿಸಿದರು. ಪಾಲಿಪ್ ಅಂತೆ. "ಏನು ಕೆಲಸ ಮಾಡ್ತೀರಿ?" ಅಂದರು. ಲೆಕ್ಕ ಬರೆಯೋ ಕೆಲಸ ಅಂದೆ. "ಮತ್ತೆ ಇಷ್ಟೊಂದು ಯಾರ ಹತ್ರ ಮಾತಾಡ್ತೀರಿ?" ಮೈಕ್ ಹತ್ರ ಅಂತ ಹೇಳಲೇಬೇಕಾಯಿತು.

ಸಣ್ಣ ಆಪರೇಷನ್ನೇ. ಆದರೆ ಆಮೇಲಿನದು ಸಣ್ಣದಲ್ಲ. ಮೊದಮೊದಲು ಪೂರ್ತಿ ಮೌನ, ನಂತರ ವಾರಗಟ್ಟಲೆ ಅಳೆದು ತೂಗಿ ಮಾತು. ಪಿಸುಮಾತೂ ಬೇಡ ಅಂದರು. ಪಿಸುಗುಟ್ಟಿದರೆ ಗಂಟಲಿಗೆ ಆರಾಮ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಹಾಗೆ ಮಾಡುವಾಗಲೂ ಗಂಟಲು ಬಿಗಿಯುತ್ತದಂತೆ. ಮನೆಯಲ್ಲಿ ನನ್ನ ಪರವಾಗಿ ಫೋನೆತ್ತಿದ್ದು, ಬಾಗಿಲಿಗೆ ಬಂದವರಿಗೆ ಉತ್ತರ ಕೊಟ್ಟಿದ್ದು, ನನ್ನ ಕೈಸನ್ನೆಗಳಿಗೆ ತಮಗೆ ಬೇಕಾದ ಅರ್ಥ ಹಚ್ಚಿದ್ದು, ಎಲ್ಲಕ್ಕೂ ಮನೆಯವರಿಗೆ ಮೊದಲ ನಮಸ್ಕಾರ. ಆ ಮೌನವನ್ನು ಅವರು ಕೊಂಚ ಜಾಸ್ತಿಯೇ ಆನಂದಿಸಿದರು ಅನ್ನೋ ಅನುಮಾನ ನನಗೆ ಇದ್ದೇ ಇದೆ.

ಅಮೆರಿಕದ ಬ್ಲೂಸ್ ಗಾಯಕ, ಗಿಟಾರ್ ವಾದಕ ಬಿ.ಬಿ. ಕಿಂಗ್ ಕೂಡ ರೇಡಿಯೋದಲ್ಲಿ ಮಾತಾಡುತ್ತಿದ್ದವರೇ, ಗೊತ್ತಲ್ವಾ? ಮೆಂಫಿಸ್‌ನ ಡಬ್ಲ್ಯೂಡಿಐಎ ಸ್ಟೇಷನ್‌ನಲ್ಲಿ ಡಿಜೆ ಆಗಿದ್ದರು. ಅಲ್ಲಿ ಅವರಿಗೆ 'ಬೀಲ್ ಸ್ಟ್ರೀಟ್ ಬ್ಲೂಸ್ ಬಾಯ್' ಅನ್ನೋ ಅಡ್ಡಹೆಸರು ಬಿತ್ತು. ಅದು ಸವೆದು 'ಬ್ಲೂಸ್ ಬಾಯ್' ಆಯಿತು, ಇನ್ನೂ ಸವೆದು 'ಬಿ.ಬಿ.' ಆಯಿತು. ಅವರಿಗೆ ರೇಡಿಯೋದಿಂದ ಹೆಸರು ಬಂತು, ನನಗೆ ಪಾಲಿಪ್ ಬಂತು.

ಸರಿ, ವಿಷಯಕ್ಕೆ ಬರುತ್ತೇನೆ. ನಮ್ಮದು ಯಾರಿಗೂ ಸಂಬಳ ಇಲ್ಲದ ರೇಡಿಯೋ. ವಾರಕ್ಕೆ ಎರಡು ಗಂಟೆ ಪ್ರಸಾರ. ಅದರ ಹಿಂದಿನ ಕೆಲಸ ಎಷ್ಟು ಅಂತ ಕೇಳುವವರಿಗೆ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಆದರೆ ಧನ್ಯವಾದ ಹೇಳುವ ದಿನ ಬಿಡಿಸಿ ಹೇಳದಿದ್ದರೆ ಹೇಗೆ?

ಸರ್ವರ್ ನೋಡಿಕೊಳ್ಳುವ ಗೆಳೆಯನಿಂದ ಶುರು ಮಾಡುತ್ತೇನೆ. ಎಫ್‌ಎಂ ಸ್ಟೇಷನ್‌ಗೆ ಒಬ್ಬ ಕೇಳಿದರೂ ಒಂದೇ, ಊರೆಲ್ಲ ಕೇಳಿದರೂ ಒಂದೇ. ಗೋಪುರಕ್ಕೆ ಖರ್ಚು ಜಾಸ್ತಿ ಆಗುವುದಿಲ್ಲ. ಇಂಟರ್ನೆಟ್ ರೇಡಿಯೋ ಹಾಗಲ್ಲ. ಕೇಳುವ ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರತಿ ಹರಿದು ಹೋಗಬೇಕು. ಸೆಕೆಂಡಿಗೆ 128 ಕಿಲೋಬಿಟ್, ಅಂದರೆ 128 ಕೆಬಿಪಿಎಸ್‌ನಲ್ಲಿ ಒಬ್ಬರಿಗೆ ಗಂಟೆಗೆ ಸುಮಾರು 58 ಎಂಬಿ. ನೂರು ಜನ ಎರಡು ಗಂಟೆ ಕೂತು ಕೇಳಿದರೆ ಹನ್ನೊಂದು ಜಿಬಿ ದಾಟಿತು. ಕೇಳುವವರು ಹೆಚ್ಚಾದರು ಅಂತ ನಾವು ಖುಷಿಪಡುವಾಗ ಅವನು ಕ್ಯಾಲ್ಕುಲೇಟರ್ ಹಿಡಿದು ಕೂತಿರುತ್ತಾನೆ. ಆ ಬಿಲ್ಲಿಗೆ ಹೆಸರು ಹೇಳಿಕೊಳ್ಳದೆ ಕೈಲಾದಷ್ಟು ಹಾಕುವವರು ಇದ್ದೀರಿ. ನೀವು ಯಾರು ಅಂತ ಅವನಿಗೆ ಗೊತ್ತು, ನನಗೆ ಹೇಳುವುದಿಲ್ಲ. ಹಾಗೇ ಇರಲಿ.

ನನ್ನ ಕಡೆ ಕರೆಂಟ್ ಹೋದರೂ ನಿಮ್ಮ ಕಡೆ ಹಾಡು ನಿಲ್ಲದಂತೆ ಮಾಡಿದ್ದೂ ಅವನೇ. ಲೈವ್ ಕಡಿದುಹೋದ ಕೂಡಲೇ ನಮ್ಮ ಪ್ರಸಾರದ ತಂತ್ರಾಂಶ ಐಸ್‌ಕಾಸ್ಟ್ ಕೇಳುಗರನ್ನೆಲ್ಲ ಇನ್ನೊಂದು ಸ್ಟ್ರೀಮ್‌ಗೆ ಸಾಗಿಸುತ್ತದೆ. ಅಲ್ಲಿ ಮೊದಲೇ ಜೋಡಿಸಿಟ್ಟ ಹಾಡುಗಳು ಓಡುತ್ತಿರುತ್ತವೆ. ಮಾತಿನ ನಡುವೆ ಇದ್ದಕ್ಕಿದ್ದಂತೆ ಬ್ಲೂಸ್ ಗಾಯಕ ಹೌಲಿನ್ ವುಲ್ಫ್ ಗರ್ಜಿಸಿದರೆ ನನ್ನ ಮನೆಯಲ್ಲಿ ಕರೆಂಟ್ ಹೋಯಿತು ಅಂತ ಹಳೆಯ ಕೇಳುಗರಿಗೆ ಗೊತ್ತು.

ನನ್ನ ಗಂಟಲು ಕಟ್ಟಿದ ಮೊದಲ ವಾರ ನಾವು ಅದನ್ನೇ ನೆಚ್ಚಿಕೊಂಡೆವು. ಮಾತಿಲ್ಲದೆ ಬರೀ ಹಾಡು ಹಾಕಿದೆವು. ಒಳ್ಳೆಯ ಹಾಡುಗಳೇ, ಪಟ್ಟಿ ನಾನೇ ಮಾಡಿದ್ದು. ಸಂದೇಶಗಳು ಬರತೊಡಗಿದವು. "ಹಾರ್ಮೋನಿಕಾ ಯಾರದ್ದು?" "ಇದು ಯಾವ ವರ್ಷದ್ದು?" "ಈ ಹೆಂಗಸು ಯಾರು, ಇಷ್ಟು ದಿನ ಯಾಕೆ ಹಾಕಿರಲಿಲ್ಲ?" ಆ ಹೆಂಗಸು ಸಿಸ್ಟರ್ ರೊಸೆಟ್ಟಾ ಥಾರ್ಪ್. ಅವರನ್ನು ನಾವು ಎಷ್ಟೋ ಸಲ ಹಾಕಿದ್ದೇವೆ. ಹೆಸರು ಹೇಳಿ, ಎಲೆಕ್ಟ್ರಿಕ್ ಗಿಟಾರ್ ಹಿಡಿದು ದೇವರ ಹಾಡು ಹಾಡಿದವರು ಅಂತ ಒಂದು ಮಾತು ಸೇರಿಸದೆ ಹೋದರೆ ಆ ಹಾಡು ಕಿವಿಯ ಪಕ್ಕದಲ್ಲೇ ಹಾದುಹೋಗುತ್ತದೆ.

ಬ್ಲೂಸ್‌ಗೆ ಈ ಕಷ್ಟ ಜಾಸ್ತಿ. ಹನ್ನೆರಡು ಬಾರ್ (ತಾಳದ ಆವರ್ತ), ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಒಂದು ಸಾಲು ಹೇಳುವುದು, ಅದನ್ನೇ ಇನ್ನೊಮ್ಮೆ ಹೇಳುವುದು, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು. ಹೊಸಬರ ಕಿವಿಗೆ ಹತ್ತು ಹಾಡೂ ಒಂದೇ ಹಾಡು. ಈ ಹಾಡಲ್ಲಿ ಪಿಯಾನೋ ಬಾರಿಸುವವರ ಎಡಗೈ ಕೇಳಿ, ಆ ಹಾಡಲ್ಲಿ ಡ್ರಮ್ಸ್ ಸ್ವಲ್ಪ ಹಿಂದೆ ಬೀಳುವುದನ್ನು ಕೇಳಿ ಅಂತ ಯಾರಾದರೂ ಪಕ್ಕದಲ್ಲಿ ಕೂತು ಹೇಳಬೇಕು. ಹಾಡಿನ ಪಟ್ಟಿ ಈಗ ಯಾವ ಆ್ಯಪ್ ಬೇಕಾದರೂ ಕೊಡುತ್ತದೆ. ಪಕ್ಕದಲ್ಲಿ ಕೂರುವವರು ಸಿಗುವುದು ಕಷ್ಟ.

ಎರಡನೆಯ ವಾರಕ್ಕೆ ಮುಂಚೆ ಸಂದೇಶ ಬಂದಿದ್ದು ರಾತ್ರಿ ಪಾಳಿ ಮಾಡುವ ನರ್ಸ್ ಒಬ್ಬರಿಂದ. "ಸರ್, ನೀವು ಬರೆದು ಕೊಡಿ, ನಾವು ಓದ್ತೀವಿ" ಅಂದರು. ನಾನು ಬರೆದು ಕಳಿಸಿದೆ. ಅವರು ಅದನ್ನು ಓದಲೇ ಇಲ್ಲ! ಪಾಳಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಕಾರನ್ನು ಬದಿಗೆ ಹಾಕಿ, ಫೋನಿನಲ್ಲಿ ತಮ್ಮದೇ ಮಾತು ರೆಕಾರ್ಡ್ ಮಾಡಿದರು. ಹಾರ್ಮೋನಿಕಾ ವಾದಕ ಲಿಟಲ್ ವಾಲ್ಟರ್ ಬಗ್ಗೆ. ಹಾರ್ಮೋನಿಕಾ ಮತ್ತು ಮೈಕ್ ಎರಡನ್ನೂ ಒಂದೇ ಬೊಗಸೆಯಲ್ಲಿ ಹಿಡಿದು, ಆ್ಯಂಪ್ಲಿಫೈಯರ್ ಮೂಲಕ ಊದಿದ್ದಕ್ಕೆ ಆ ನಾದ ಸ್ಯಾಕ್ಸೊಫೋನ್ ಥರ ತುಂಬಿಕೊಂಡು ಬರುತ್ತದೆ ಅಂತ ಹೇಳಿದರು. ಕೈಯನ್ನು ಬೊಗಸೆ ಮಾಡಿ ಫೋನಿನ ಮೇಲೆ ಮುಚ್ಚಿ, ತೆರೆದು, ತಮ್ಮ ದನಿಯಲ್ಲೇ ಅದು ಹೇಗೆ ಅಂತ ತೋರಿಸಿದರು. ಹಿಂದೆ ಕಾರಿನ ಇಂಡಿಕೇಟರ್ ಟಿಕ್ ಟಿಕ್ ಅನ್ನುತ್ತಲೇ ಇತ್ತು. ಎಡಿಟ್ ಮಾಡುವ ಹುಡುಗ "ಅಣ್ಣಾ, ಇದನ್ನ ತೆಗೀಲಾ?" ಅಂತ ಕೇಳಿದ. ನಾನು ಸ್ಲೇಟಿನ ಮೇಲೆ 'ಬೇಡ' ಅಂತ ಬರೆದು ಫೋಟೋ ಕಳಿಸಿದೆ. ಆ ಟಿಕ್ ಟಿಕ್ ಮೇಲೆಯೇ ವಾಲ್ಟರ್ 1952ರಲ್ಲಿ ಬಾರಿಸಿದ 'ಜೂಕ್' ಶುರುವಾಯಿತು. ನಾನು ಹತ್ತು ವರ್ಷದಲ್ಲಿ ಅದಕ್ಕಿಂತ ಚೆನ್ನಾಗಿ ಒಂದು ಹಾಡಿಗೆ ಪೀಠಿಕೆ ಹಾಕಿದ ನೆನಪಿಲ್ಲ.

ಮೇಡಂ, ನಿಮ್ಮ ಹೆಸರು ಹಾಕಬೇಡಿ ಅಂದಿದ್ದೀರಿ. ಹಾಕಿಲ್ಲ. ಆದರೆ ಈ ವರ್ಷ ಕಾರ್ಯಕ್ರಮ ಉಳಿದಿದ್ದು ಆ ರೆಕಾರ್ಡಿಂಗ್‌ನಿಂದ. ಅದನ್ನು ಕೇಳಿ ಉಳಿದವರಿಗೂ ಧೈರ್ಯ ಬಂತು. ವಾರವಾರವೂ ನಿಮ್ಮ ನಿಮ್ಮ ದನಿಗಳು ಬಂದು ಬಿದ್ದವು. ಅಡುಗೆಮನೆಯಿಂದ, ಮೆಟ್ಟಿಲ ಮೇಲಿಂದ, ಕಂಬಳಿ ಹೊದ್ದು ಅದರೊಳಗಿಂದ. ಕಂಬಳಿಯದು ನಿಜಕ್ಕೂ ಒಳ್ಳೆಯ ಉಪಾಯ, ದನಿ ಮಾರ್ದನಿಸುವುದಿಲ್ಲ.

ಒಬ್ಬ ಕಾಲೇಜು ಹುಡುಗ ಬರೆದಿದ್ದ. ಅವನದು ಪೂರ್ತಿ ಹೆವಿ ಮೆಟಲ್. "ಬ್ಲೂಸ್ ಅಂದ್ರೆ ವಯಸ್ಸಾದವರ ಸಂಗೀತ ಅಂದ್ಕೊಂಡಿದ್ದೆ, ತಪ್ಪು ತಿಳೀಬೇಡಿ" ಅಂತ ಶುರು ಮಾಡಿ, ಹೆವಿ ಮೆಟಲ್ ತಂಡ ಬ್ಲ್ಯಾಕ್ ಸಬ್ಬತ್ 1968ರಲ್ಲಿ ಬ್ಲೂಸ್ ಬ್ಯಾಂಡ್ ಆಗಿಯೇ ಹುಟ್ಟಿದ ಕಥೆ ಹೇಳಿದ. ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಆ ತಂಡದ ಗಿಟಾರ್ ವಾದಕ ಟೋನಿ ಅಯೋಮಿಯ ಬಲಗೈಯ ಎರಡು ಬೆರಳ ತುದಿ ಹೋದದ್ದು, ಪ್ಲಾಸ್ಟಿಕ್ ಕರಗಿಸಿ ತಾನೇ ಬೆರಳಿಗೆ ಟೊಪ್ಪಿ ಮಾಡಿಕೊಂಡದ್ದು, ಮುಂದೆ ತಂತಿಗಳನ್ನು ಸಡಿಲ ಮಾಡಿ ನುಡಿಸಿದ್ದು, ಆ ಭಾರದ ನಾದಕ್ಕೆ ಅದೂ ಒಂದು ಕಾರಣವಾದದ್ದು. ನನಗೆ ಗೊತ್ತಿದ್ದ ಸಂಗತಿಯೇ. ಆದರೆ ಅವನು ಹೇಳಿದ ಉತ್ಸಾಹದಲ್ಲಿ ಕೇಳಿದಾಗ ಹೊಸದಾಗಿ ಕೇಳಿದ ಹಾಗಾಯಿತು. ಈಗ ಅವನೂ ಪಟ್ಟಿ ಮಾಡುವ ಗುಂಪಿನಲ್ಲಿ ಇದ್ದಾನೆ. ನಮ್ಮಿಬ್ಬರಿಗೂ ವಾರಕ್ಕೊಂದು ಜಗಳ ಗ್ಯಾರಂಟಿ.

ಇನ್ನೊಬ್ಬರು ಹಿರಿಯರು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಕಂಪ್ಯೂಟರಿಗೆ ಇಳಿಸಿ ನಮಗೆ ಕಳಿಸುವವರು ಅವರೇ. ಆಮೇಲೆ ಬಂದ ಎಲ್‌ಪಿ ತಟ್ಟೆಯ ಸೂಜಿ ಆ ಅಗಲದ ಗೀರಿಗೆ ತೀರಾ ಸಣ್ಣದು, ತಳಕ್ಕೆ ಇಳಿದು ಕಸ ಕೆರೆಯುತ್ತದೆ. ಅದಕ್ಕೆ ಅಂತಲೇ ದಪ್ಪ ಸೂಜಿ ಇಟ್ಟಿದ್ದಾರೆ. ತಟ್ಟೆ ತೊಳೆಯುತ್ತಾರೆ, ಒಣಗಿಸುತ್ತಾರೆ, ಎರಡು ಮೂರು ಸಲ ಓಡಿಸಿ ನೋಡುತ್ತಾರೆ. ಅಷ್ಟೂ ಮಾಡಿ ಕೈಗೆ ಸಿಗುವುದು ಮೂರು ನಿಮಿಷದ ಹಾಡು. ಮಾತಾಡಿ ಸಾರ್ ಅಂತ ಎಲ್ಲರೂ ದುಂಬಾಲು ಬಿದ್ದಾಗ ಒಂದು ರೆಕಾರ್ಡಿಂಗ್ ಕಳಿಸಿದರು. ಹಳೆಯ ಬ್ಲೂಸ್ ಗಾಯಕಿಯೊಬ್ಬರ ಬಗ್ಗೆ ಅದರಲ್ಲಿ ಇದ್ದದ್ದು ಇಷ್ಟು: "ಬೆಸ್ಸಿ ಸ್ಮಿತ್. ಕೇಳಿ." ಆಮೇಲೆ ಸೂಜಿ ಇಳಿದ ಸದ್ದು. ನಾನು ಅವರಿಂದ ಕಲಿಯಬೇಕಾದ್ದು ಬಹಳ ಇದೆ.

ಹಾಡಿನ ದಾಖಲೆ ಬರೆಯುವ ಅಕ್ಕನ ಬಗ್ಗೆ ಯಾರೂ ಕೇಳುವುದಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ಪ್ರಸಾರವಾದ ಪ್ರತಿ ಹಾಡಿಗೂ ಹಾಡಿದವರು, ಬರೆದವರು, ಲೇಬಲ್ ಎಲ್ಲ ಬರೆದಿಡಬೇಕು. ಹಾಡು ಬರೆದವರ ಹಕ್ಕು ಬೇರೆ, ಆ ರೆಕಾರ್ಡಿಂಗ್‌ನ ಹಕ್ಕು ಬೇರೆ. ಬ್ಲೂಸ್‌ನಲ್ಲಿ ಯಾರು ಬರೆದರು ಅನ್ನೋದು ಸಣ್ಣ ಮಾತಲ್ಲ. ಬ್ಲೂಸ್ ಹಾಡುಗಳನ್ನು ಬರೆದ ವಿಲ್ಲಿ ಡಿಕ್ಸನ್ ತಮ್ಮ ಸಾಲುಗಳಿಗಾಗಿ 1985ರಲ್ಲಿ ರಾಕ್ ತಂಡ ಲೆಡ್ ಜೆಪ್ಲಿನ್ ಮೇಲೆ ಕೇಸು ಹಾಕಬೇಕಾಯಿತು. ಎರಡು ವರ್ಷದ ನಂತರ ಅದು ರಾಜಿಯಲ್ಲಿ ಮುಗಿಯಿತು. ನಮ್ಮ ಅಕ್ಕ ಇದನ್ನು ನೆನಪಿಟ್ಟುಕೊಂಡೇ ಕೆಲಸ ಮಾಡುತ್ತಾರೆ. 'ಸಾಂಪ್ರದಾಯಿಕ' ಅಂತ ಬರೆದು ಕೈತೊಳೆದುಕೊಳ್ಳೋಣ ಅಂತ ನಾನು ಅಂದರೆ "ಯಾರೋ ಒಬ್ಬರು ಬರೆದಿರ್ತಾರಲ್ಲ, ಹುಡುಕೋಣ" ಅನ್ನುತ್ತಾರೆ. ಬಹುಪಾಲು ಸಲ ಹುಡುಕಿಯೂ ಬಿಡುತ್ತಾರೆ.

ದೂರು ಹೇಳುವವರಿಗೂ ಧನ್ಯವಾದ. ಇದನ್ನು ಸುಮ್ನೆ ಬಾಯಿಮಾತಿಗೆ ಹೇಳುತ್ತಿಲ್ಲ. ನಾನು ಮಾತಾಡಿದ್ದು ನಿಮ್ಮ ಕಿವಿಗೆ ಬರುವಷ್ಟರಲ್ಲಿ ಅರ್ಧ ನಿಮಿಷ ಆಗಿರುತ್ತದೆ, ನಡುವೆ ಅಷ್ಟು ಬಫರ್ ಇದೆ. ನನ್ನ ಹೆಡ್‌ಫೋನಿನಲ್ಲಿ ಎಲ್ಲ ಚೆನ್ನಾಗಿಯೇ ಕೇಳುತ್ತಿರುತ್ತದೆ. "ಎಡಗಡೆ ಸ್ಪೀಕರ್ ಸತ್ತಿದೆ", "ನಿಮ್ಮ ದನಿ ಜೋರು, ಹಾಡು ಮೆಲ್ಲಗೆ", "ಅದೇ ಹಾಡು ಎರಡನೇ ಸಲ ಬಂತು" ಅಂತ ನೀವು ಬರೆಯದಿದ್ದರೆ ನಮಗೆ ತಿಳಿಯುವ ದಾರಿಯೇ ಇಲ್ಲ. ಹಾಗೆ ಬರೆಯಬೇಕಾದರೆ ಗಮನ ಕೊಟ್ಟು ಕೇಳುತ್ತಿರಬೇಕು. ಹಿಂದೆ ಏನೋ ಸದ್ದು ಇರಲಿ ಅಂತ ಹಾಕಿಕೊಂಡವರಿಗೆ ಎಡಗಡೆ ಸ್ಪೀಕರ್ ಗೊತ್ತಾಗುವುದಿಲ್ಲ.

ದನಿ ವಾಪಸ್ ಬಂದ ಮೇಲೆ ಹೇಗೆ ಮಾತಾಡಬೇಕು ಅಂತ ಕಲಿಸಿದ ಸ್ಪೀಚ್ ಥೆರಪಿಸ್ಟ್‌ಗೂ ಋಣಿ. ನೀರು ಕುಡಿಯಿರಿ, ವಾಕ್ಯ ಚಿಕ್ಕದಿರಲಿ, ಗಿಟಾರ್ ಬರುತ್ತಿರುವಾಗ ಅದರ ಮೇಲೆ ಕೂಗಬೇಡಿ ಅಂದರು. ಕೊನೆಯದನ್ನು ಕೇಳುಗರು ಮೊದಲಿಂದಲೂ ಹೇಳುತ್ತಿದ್ದರು. ಈಗ ದನಿ ಮೊದಲಿನಷ್ಟು ನುಣುಪಾಗಿಲ್ಲ. "ಈಗ ಬ್ಲೂಸ್‌ಗೆ ಸರಿಹೋಯ್ತು ಬಿಡಿ" ಅಂತ ಒಬ್ಬರು ಬರೆದಿದ್ದಾರೆ. ಅವರಿಗೂ ಧನ್ಯವಾದ, ಅಂದುಕೊಳ್ಳುತ್ತೇನೆ.

ಅಮೆರಿಕದ ಆರ್ಕನ್ಸಾಸ್ ರಾಜ್ಯದ ಹೆಲೆನಾದಲ್ಲಿ 'ಕಿಂಗ್ ಬಿಸ್ಕಿಟ್ ಟೈಮ್' ಅಂತ ಒಂದು ಬ್ಲೂಸ್ ಕಾರ್ಯಕ್ರಮ 1941ರಲ್ಲಿ ಶುರುವಾಯಿತು. ಸನ್ನಿ ಬಾಯ್ ವಿಲಿಯಮ್ಸನ್ ಮತ್ತು ರಾಬರ್ಟ್ ಲಾಕ್‌ವುಡ್ ಜೂನಿಯರ್ ಸ್ಟುಡಿಯೋದಲ್ಲೇ ಕೂತು ನುಡಿಸುತ್ತಿದ್ದರು. ಸನ್ನಿ ಪೇನ್ ಎಂಬವರು 1951ರಲ್ಲಿ ಅದರ ಮೈಕ್ ಹಿಡಿದು, 2018ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು. ಮೊದಲೆಲ್ಲ ಅವರನ್ನು ನೆನೆದು ನನಗೂ ಹಾಗೇ ಒಬ್ಬನೇ ನಡೆಸುವ ಆಸೆ ಇತ್ತು. ಈಗ ಇಲ್ಲ. ನಿಮ್ಮ ದನಿಗಳು ಬರುವ ಭಾಗ ನಾನು ಹುಷಾರಾದ ಮೇಲೆ ನಿಲ್ಲುತ್ತದಾ ಅಂತ ಹಲವರು ಕೇಳಿದ್ದೀರಿ. ನಿಲ್ಲುವುದಿಲ್ಲ. ಮೊದಲ ಅರ್ಧ ಗಂಟೆ ಇನ್ನು ನಿಮ್ಮದೇ. ನನಗೆ ಮಾತು ಕಡಿಮೆ ಆಗುತ್ತದೆ, ಡಾಕ್ಟರಿಗೂ ಸಮಾಧಾನ.

ಈ ಶನಿವಾರ ಸ್ಲೈಡ್ ಗಿಟಾರ್, ಅಂದರೆ ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವ ಗಿಟಾರ್. ಆ ಶೈಲಿಯ ಹೆಸರಾಂತ ವಾದಕ ಎಲ್ಮೋರ್ ಜೇಮ್ಸ್‌ಗೆ ಜಾಗ ಇಟ್ಟಾಗಿದೆ, ಆ ಜಾಗ ಬೇಕು ಅಂತ ಯಾರೂ ಕೇಳಬೇಡಿ. ಉಳಿದ ಹಾಡುಗಳ ಬಗ್ಗೆ ಮಾತಾಡುವವರು ಗುರುವಾರದೊಳಗೆ ರೆಕಾರ್ಡಿಂಗ್ ಕಳಿಸಿ. ಎರಡು ನಿಮಿಷ ಸಾಕು. ಕಂಬಳಿ ಇದ್ದರೆ ಹೊದ್ದುಕೊಳ್ಳಿ. ಫ್ಯಾನ್ ಆಫ್ ಮಾಡಿ. ಇಂಡಿಕೇಟರ್ ನಿಮ್ಮ ಇಷ್ಟ.