ಹೊಸ ಗೇಟುಗಳ ಜೊತೆ ಅವುಗಳ ದಾಖಲೆಯೂ ಬರಲಿ

ಮಾನ್ಯ ಸಂಪಾದಕರೇ,

ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳನ್ನು (ಜಲಾಶಯದ ಹೆಚ್ಚುವರಿ ನೀರನ್ನು ನದಿಗೆ ಬಿಡುವ ಮೇಲ್ಭಾಗದ ಗೇಟುಗಳನ್ನು) ಬದಲಿಸುವ ಕೆಲಸದ ಬಗ್ಗೆ ಪತ್ರಿಕೆಯಲ್ಲಿ ಬರುವ ಸುದ್ದಿಯನ್ನೆಲ್ಲ ಬಿಡದೆ ಓದುತ್ತಿದ್ದೇನೆ. ಎಷ್ಟು ಗೇಟು ಬಿಚ್ಚಿದರು, ಎಷ್ಟು ಕೂರಿಸಿದರು, ಖರ್ಚು ಎಷ್ಟು ಎಂಬುದೆಲ್ಲ ಚರ್ಚೆಯಾಗುತ್ತದೆ. ಆದರೆ ಈ ಗೇಟುಗಳ ನಕ್ಷೆ, ಉಕ್ಕಿನ ಪರೀಕ್ಷಾ ಪ್ರಮಾಣಪತ್ರ, ಬೆಸುಗೆಯ ತಪಾಸಣಾ ವರದಿ, ನಿರ್ವಹಣಾ ಕೈಪಿಡಿ ಯಾರ ವಶಕ್ಕೆ ಬರುತ್ತವೆ ಎಂದು ಯಾರೂ ಕೇಳಿದ್ದನ್ನು ನಾನು ಕಾಣಲಿಲ್ಲ. ಆ ಪ್ರಶ್ನೆ ಕೇಳಲೆಂದೇ ಈ ಪತ್ರ.

ನಾನು ಬೇರೊಂದು ಜಲಾಶಯದ ಯಾಂತ್ರಿಕ ಉಪವಿಭಾಗದಲ್ಲಿ ಟ್ರೇಸರ್ ಆಗಿ ಸೇರಿ, ನಕ್ಷೆಗಾರ್ತಿಯಾಗಿ ನಿವೃತ್ತಳಾದವಳು. ಟ್ರೇಸಿಂಗ್ ಬಟ್ಟೆಯ ಮೇಲೆ ಶಾಯಿಯಲ್ಲಿ ಗೆರೆ ಎಳೆದ ಕಾಲದಿಂದ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಕಾಲದವರೆಗೂ ಕೆಲಸ ಮಾಡಿದ್ದೇನೆ. ನಮ್ಮ ಮನೆಯ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿದೆ. ಗೇಟು ಬದಲಿಸುವ ಕೆಲಸಕ್ಕಾಗಿ ಈ ಭಾಗದ ರೈತರು ಎರಡನೇ ಬೆಳೆಯನ್ನೇ ಬಿಟ್ಟುಕೊಟ್ಟಿದ್ದಾರೆ. ಹೀಗಾಗಿ ಕೇಳುವ ಹಕ್ಕು ಎರಡು ಕಡೆಯಿಂದಲೂ ನನಗಿದೆ ಎಂದುಕೊಂಡಿದ್ದೇನೆ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದದ್ದನ್ನು ಯಾರೂ ಮರೆತಿಲ್ಲ. ತುಂಬಿದ ಜಲಾಶಯ, ರಭಸದಿಂದ ನುಗ್ಗುವ ನೀರು, ಅದರ ನಡುವೆಯೇ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್ (ಗೇಟಿನ ಜಾಗದಲ್ಲಿ ನೀರು ತಡೆಯುವ ತಾತ್ಕಾಲಿಕ ಉಕ್ಕಿನ ತಡೆ) ಇಳಿಸಿದ ಸಾಹಸವನ್ನು ನಾಡೇ ಕೊಂಡಾಡಿತು. ಅದಕ್ಕೆ ಅರ್ಹವಾದ ಕೆಲಸವೇ ಅದು. ನಕ್ಷೆ ಬರೆಯುವವಳಾಗಿ ನನ್ನ ಯೋಚನೆ ಮಾತ್ರ ಬೇರೆ ಕಡೆ ಹೋಯಿತು. 60 ಅಡಿ ಅಗಲದ ಸ್ಟಾಪ್‌ಲಾಗಿನ ತುಂಡುಗಳನ್ನು ಕಾರ್ಖಾನೆಯಲ್ಲಿ ತಯಾರಿಸಬೇಕಾದರೆ ಅಳತೆ ಬೇಕು. ಗೇಟು ನದಿಯ ಪಾಲಾಗಿದೆ. ಪಕ್ಕದ ಗೇಟನ್ನು ಅಳೆದರೆ ಅಗಲ, ಎತ್ತರ ಸಿಗಬಹುದು. ಕಂಬದ ತೋಡು, ತಳದ ಪಟ್ಟಿ ಇವೆಲ್ಲ ನೀರಿನೊಳಗಿವೆ. ಅಂಥ ಗಳಿಗೆಯಲ್ಲಿ ಹಳೆಯ ನಕ್ಷೆಯೊಂದು ಕೈಗೆ ಸಿಗುವುದಕ್ಕೂ ಸಿಗದೇ ಇರುವುದಕ್ಕೂ ಇರುವ ಅಂತರವನ್ನು ಹರಿದುಹೋಗುವ ನೀರಿನ ಟಿಎಂಸಿಗಳಲ್ಲಿ ಲೆಕ್ಕ ಹಾಕಬೇಕಾಗುತ್ತದೆ.

ದಾಖಲೆ ಇಲ್ಲದಿರುವುದಕ್ಕಿಂತ ಹೆಚ್ಚಿನ ಅಪಾಯ ಒಂದಕ್ಕೊಂದು ತಾಳೆಯಾಗದ ದಾಖಲೆಗಳಿಂದ ಬರುತ್ತದೆ. ನಾನು ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ಒಂದು ಗೇಟಿನ ಎತ್ತುವ ಯಂತ್ರದ ಬೇರಿಂಗ್ ಸವೆದಿತ್ತು. ಉಪವಿಭಾಗದಲ್ಲಿದ್ದ ನಕ್ಷೆ ನೋಡಿ ಬೇಡಿಕೆ ಪಟ್ಟಿ ಕಳುಹಿಸಿದರು, ಟೆಂಡರ್ ಆಯಿತು, ಸಾಮಾನು ಬಂತು. ಕೂರಲಿಲ್ಲ. ಹಲವು ವರ್ಷಗಳ ಹಿಂದೆಯೇ ಗೇರ್‌ಬಾಕ್ಸ್ ಬದಲಾಗಿತ್ತು, ತಿದ್ದಿದ ನಕ್ಷೆ ಮೇಲಿನ ಕಚೇರಿಯ ಬಿಲ್ಲಿನ ಕಡತದಲ್ಲಿ ಉಳಿದುಬಿಟ್ಟಿತ್ತು. ಎರಡು ನಕ್ಷೆಗಳ ಮೇಲೂ ‘ಅಂತಿಮ’ ಎಂಬ ಮೊಹರು, ಎರಡರಲ್ಲೂ ಸಹಿ. ಆ ಮಳೆಗಾಲವಿಡೀ ಆ ಗೇಟನ್ನು ಎತ್ತಲಾಗಲಿಲ್ಲ. ಅಣೆಕಟ್ಟೆಯ ಮೇಲೆ ರಾತ್ರಿ ಪಾಳಿ ಮಾಡುತ್ತಿದ್ದ ನೌಕರರು ಪ್ರತಿ ಒಳಹರಿವಿಗೂ ಎಷ್ಟು ಆತಂಕಪಡುತ್ತಿದ್ದರು ಎಂಬುದನ್ನು ನಾನು ಬಲ್ಲೆ.

ಇನ್ನೊಂದು ತೊಡಕಿದೆ, ಹೊರಗಿನವರಿಗೆ ನಂಬಲು ಕಷ್ಟವಾಗಬಹುದು. ಒಂದು ಗೇಟಿಗೆ ಮೂವರು ಒಡೆಯರು. ಕಂಬ, ತಳ, ಕಾಂಕ್ರೀಟು ಸಿವಿಲ್ ವಿಭಾಗದ್ದು. ಚೈನ್, ಗೇರು, ಎದುರುತೂಕ ಯಾಂತ್ರಿಕ ವಿಭಾಗದ್ದು. ಮೋಟಾರು, ಪ್ಯಾನಲ್, ಜನರೇಟರ್ ವಿದ್ಯುತ್ ವಿಭಾಗದ್ದು. ನಮ್ಮಲ್ಲಿ ಹತ್ತು ಗೇಟುಗಳಿದ್ದವು. ಸಿವಿಲ್‌ನವರು ಎಡದಂಡೆಯಿಂದ ಎಣಿಸುತ್ತಿದ್ದರು, ವಿದ್ಯುತ್ತಿನವರು ಬಲಗಡೆಯ ನಿಯಂತ್ರಣ ಕೊಠಡಿಯಿಂದ. ಹೀಗಾಗಿ ಒಬ್ಬರ ಪುಸ್ತಕದ 7ನೇ ಗೇಟು ಇನ್ನೊಬ್ಬರ ಪುಸ್ತಕದಲ್ಲಿ 4ನೇ ಗೇಟು. ಮೂರು ರಿಜಿಸ್ಟರುಗಳನ್ನು ಒಟ್ಟಿಗೆ ತೆರೆದಿಟ್ಟು ನೋಡುವ ಕೆಲಸ ಯಾರ ಕರ್ತವ್ಯ ಪಟ್ಟಿಯಲ್ಲೂ ಇರಲಿಲ್ಲ.

ತುಂಗಭದ್ರೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಮದ್ರಾಸ್ ಪ್ರಾಂತ ಮತ್ತು ಹೈದರಾಬಾದ್ ಸಂಸ್ಥಾನ ಸೇರಿ 1945ರಲ್ಲಿ ಆರಂಭಿಸಿದ ಯೋಜನೆ ಇದು. ಇಂದು ನೀರು ಹಂಚಿಕೊಳ್ಳುವುದು ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣ; ಅಣೆಕಟ್ಟೆಯ ನಿರ್ವಹಣೆ ತುಂಗಭದ್ರಾ ಮಂಡಳಿಯದು. ಇಷ್ಟು ಕೈಗಳ ನಡುವೆ ಕಾಗದ ಒಂದೇ ಕಡೆ ನಿಲ್ಲಬೇಕಾದರೆ ಯಾರಾದರೂ ಅದನ್ನು ಹಿಡಿದು ನಿಲ್ಲಿಸಬೇಕು.

ಆದ್ದರಿಂದ ನನ್ನ ಒತ್ತಾಯ ಒಂದೇ. ದಾಖಲೆ ಪೂರ್ತಿ ಕೈಸೇರುವವರೆಗೆ ಗುತ್ತಿಗೆದಾರರ ಅಂತಿಮ ಬಿಲ್ಲು ಪಾವತಿಯಾಗಬಾರದು. ದಾಖಲೆ ಎಂದರೆ ಟೆಂಡರಿನ ಜೊತೆ ಕೊಟ್ಟ ನಕ್ಷೆಯಲ್ಲ. ಕೆಲಸ ಮುಗಿದ ಮೇಲೆ ಸ್ಥಳದಲ್ಲಿ ಅಳೆದು ಬರೆದ, ಕಚೇರಿಯಲ್ಲಿ ನಾವು ಆ್ಯಸ್-ಬಿಲ್ಟ್ ಎನ್ನುವ ನಕ್ಷೆ. 19ನೇ ಗೇಟಿಗೆ ಯಾವ ಉಕ್ಕಿನ ಹಾಳೆ, ಅದರ ಪರೀಕ್ಷಾ ಪ್ರಮಾಣಪತ್ರ ಯಾವುದು, ಬೆಸುಗೆಯನ್ನು ಯಾರು ತಪಾಸಣೆ ಮಾಡಿದರು, ಎತ್ತುವ ಯಂತ್ರಕ್ಕೆ ಯಾವ ಗ್ರೀಸು, ಎಷ್ಟು ತಿಂಗಳಿಗೊಮ್ಮೆ ಎಂಬುದು 19ನೇ ಗೇಟಿನ ಕಡತದಲ್ಲೇ ಇರಬೇಕು. ಗೇಟಿನ ಮೈಮೇಲೆ ಕೊರೆದ ಸಂಖ್ಯೆ, ನಕ್ಷೆಯ ಸಂಖ್ಯೆ, ಲಾಗ್ ಪುಸ್ತಕದ ಸಂಖ್ಯೆ ಮೂರೂ ಒಂದೇ ಆಗಿರಬೇಕು. ನಕ್ಷೆ ತಿದ್ದಿದ ದಿನವೇ ಹಳೆಯದರ ಮೇಲೆ ‘ರದ್ದು’ ಎಂದು ಬರೆಯಬೇಕು.

ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿಬಿಟ್ಟರೆ ಆಯಿತು ಎನ್ನುವವರಿದ್ದಾರೆ. ಹಾಕಲಿ. ಕೇಂದ್ರ ಜಲ ಆಯೋಗ ಅಣೆಕಟ್ಟೆಗಳ ಮಾಹಿತಿಗಾಗಿಯೇ ‘ಧರ್ಮ’ ಎಂಬ ವ್ಯವಸ್ಥೆ ರೂಪಿಸಿದೆ, 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆಯೂ ತಾಂತ್ರಿಕ ದಾಖಲೆ ಇಡುವ ಹೊಣೆಯನ್ನು ಅಣೆಕಟ್ಟೆಯ ಮಾಲೀಕರ ಮೇಲೆ ಹೊರಿಸಿದೆ. ಆದರೆ ಎರಡು ‘ಅಂತಿಮ’ ನಕ್ಷೆಗಳನ್ನು ಸ್ಕ್ಯಾನ್ ಮಾಡಿದರೆ ಕಂಪ್ಯೂಟರಿನಲ್ಲೂ ಎರಡೇ ಇರುತ್ತವೆ. ಯಾವುದು ಸರಿ ಎಂದು ಗೇಟಿನ ಬಳಿ ನಿಂತು ತಾಳೆ ನೋಡಿ ಸಹಿ ಹಾಕುವ ಮನುಷ್ಯ ಬೇಕು. ಜೊತೆಗೆ ಒಂದು ಮುದ್ರಿತ ಪ್ರತಿ ಅಣೆಕಟ್ಟೆಯ ಮೇಲೆಯೇ ಇರಲಿ. ಪ್ರವಾಹದ ರಾತ್ರಿ ಕರೆಂಟು ಇರುತ್ತದೆ, ನೆಟ್‌ವರ್ಕ್ ಸಿಗುತ್ತದೆ ಎಂದು ನಂಬಿ ಕೂರಲಾಗದು.

ವರ್ಗಾವಣೆಯ ಸಮಯದ ಬಗ್ಗೆಯೂ ಹೇಳಬೇಕು. ಪ್ರಭಾರ ವಹಿಸಿಕೊಡುವಾಗ ಕುರ್ಚಿ, ಮೇಜು, ಬೀರುವಿನ ಬೀಗದ ಕೈಗೂ ಪಟ್ಟಿ ಮಾಡಿ ಸಹಿ ಪಡೆಯುವ ಪದ್ಧತಿ ನಮ್ಮಲ್ಲಿದೆ. ಆ ಪಟ್ಟಿಯಲ್ಲಿ ನಕ್ಷೆಗಳ ಸಂಖ್ಯೆ ಬರೆದದ್ದನ್ನು ನಾನು ಸೇವೆಯಲ್ಲಿ ನೋಡಿದ್ದು ಬಹಳ ಅಪರೂಪ. ಬರೆಯುವುದನ್ನು ಕಡ್ಡಾಯ ಮಾಡಲು ಹೊಸ ಕಾನೂನು ಬೇಕಿಲ್ಲ, ಒಂದು ಕಚೇರಿ ಆದೇಶ ಸಾಕು.

ಬೆಸುಗೆ ಹಾಕಿದವರು, ಪರೀಕ್ಷಿಸಿದವರು, ಅಳತೆ ಬರೆದುಕೊಂಡವರು ಕೆಲಸದ ಸ್ಥಳದಲ್ಲಿ ಇರುವಾಗಲೇ ಇದು ಆಗಬೇಕು. ಅವರು ಬೇರೆ ಊರಿನ ಕೆಲಸಕ್ಕೆ ಹೋದ ಮೇಲೆ ಹುಡುಕಿ ಕೇಳಿದರೆ ಸಿಗುವುದು ಅಂದಾಜು ಮಾತ್ರ. 33 ಗೇಟುಗಳ ದಾಖಲೆಯ ಉಸ್ತುವಾರಿ ಯಾವ ಹುದ್ದೆಯದು, ಪ್ರತಿಗಳು ಎಲ್ಲೆಲ್ಲಿ ಇರುತ್ತವೆ ಎಂಬುದನ್ನು ತುಂಗಭದ್ರಾ ಮಂಡಳಿ ಸಾರ್ವಜನಿಕರಿಗೆ ತಿಳಿಸಲಿ ಎಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

– ನಿವೃತ್ತ ನಕ್ಷೆಗಾರ್ತಿ, ಸಿಂಧನೂರು